ಮಸುಕಾದ ಮೂರನೇ ಪ್ರತಿ

ಬೆಂಗಳೂರಿನ ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಸಣ್ಣ ವರ್ಕ್‌ಶಾಪಿನ ಮೇಜಿನ ಮೇಲೆ ಒಂದು ಡಿಸಿ ಪುಸ್ತಕ ಇದ್ದೇ ಇರುತ್ತದೆ. ಡೆಲಿವರಿ ಚಲನ್ ಎಂದು ಪೂರ್ತಿ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇಲ್ಲ. ಟರ್ನಿಂಗ್ ಮುಗಿದ ಶಾಫ್ಟುಗಳೋ ಡ್ರಿಲ್ಲಿಂಗ್ ಆದ ಫ್ಲಾಂಜುಗಳೋ ದೊಡ್ಡ ಕಂಪನಿಗೆ ಹೊರಟಾಗ ಮೂರು ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಬಾಲ್‌ಪೆನ್ನು ಒತ್ತಿ ಹಿಡಿದು, ನಗ ಎಷ್ಟು, ತೂಕ ಎಷ್ಟು, ಯಾವ ಪಿಓ (ಖರೀದಿ ಆದೇಶ) ಮೇಲೆ ಹೋಗುತ್ತಿದೆ ಎಂದು ಬರೆಯುತ್ತಾರೆ. ಈ ಮೂರು ಹಾಳೆಗಳು ಯಾರ ಪಾಲಿಗೆ ಎಂಬುದನ್ನು ಜಿಎಸ್‌ಟಿಯ 55ನೇ ನಿಯಮ ನಿಗದಿ ಮಾಡಿದೆ. ಮೊದಲನೆಯದು ಸರಕು ಪಡೆಯುವವರಿಗೆ, ಎರಡನೆಯದು ಸಾಗಣೆಯವರಿಗೆ, ಮೂರನೆಯದು ಕಳಿಸಿದವರಿಗೆ. ಮಾರಾಟದ ಬಿಲ್ಲಿಗೂ ಇದೇ ಕ್ರಮ. ಪೆನ್ನಿನ ಒತ್ತಡ ಮೊದಲ ಹಾಳೆಯಲ್ಲಿ ಗಾಢ, ಎರಡನೆಯದರಲ್ಲಿ ಸುಮಾರು, ಮೂರನೆಯದರಲ್ಲಿ ಕಣ್ಣು ಕಿರಿದು ಮಾಡಿ ಓದಬೇಕಾದ ನೀಲಿ ನೆರಳು. ಒಂದು ವರ್ಷ ಕಳೆದು ಲೆಕ್ಕ ಕೂಡಿಸುವಾಗ 500 ನಗ ಕಳಿಸಿದ್ದೆವು ಎನ್ನುವವರಿಗೂ 480 ಮಾತ್ರ ಬಂದಿದೆ ಎನ್ನುವವರಿಗೂ ತಕರಾರು ಹುಟ್ಟಿತು ಎನ್ನೋಣ. ಗಾಢವಾದ ಪ್ರತಿ ಇರುವುದು ದುಡ್ಡು ಕೊಡಬೇಕಾದವರ ಕೈಯಲ್ಲಿ, ಮಸುಕಾದದ್ದು ದುಡ್ಡು ಬರಬೇಕಾದವರ ಕೈಯಲ್ಲಿ.

ವ್ಯವಹಾರವನ್ನು ಡಿಜಿಟಲ್ ದಾಖಲೆಗೆ ಬದಲಿಸಿಕೊಳ್ಳಿ ಎಂದು ಸಲಹೆ ಕೊಡುವವರು ಮೊದಲು ಹೇಳುವುದು ಕಾಗದದ ಖರ್ಚು, ಫೈಲುಗಳು ತುಂಬಿದ ಬೀರುಗಳು ತಿನ್ನುವ ಜಾಗ ಮತ್ತು ಬೇಕಾದ ಬಿಲ್ಲು ಕ್ಷಣದಲ್ಲಿ ಸಿಗುವ ಅನುಕೂಲ. ಇವು ಸುಳ್ಳಲ್ಲ. ಆದರೆ ಒಂದು ಸಣ್ಣ ಕಾರ್ಖಾನೆ ವರ್ಷಕ್ಕೆ ಬಿಲ್‌ಬುಕ್ಕಿಗೂ ಕಾರ್ಬನ್ನಿಗೂ ಸುರಿಯುವ ಹಣ ಅದರ ಕರೆಂಟು ಬಿಲ್ಲಿನ ಮುಂದೆ ಏನೂ ಅಲ್ಲ. ಅಷ್ಟನ್ನೇ ಲಾಭ ಎಂದು ತೋರಿಸಿದರೆ ಮಾಲೀಕರು 'ಇರಲಿ ಬಿಡಿ, ಈಗ ನಡೆಯುತ್ತಿದೆಯಲ್ಲ' ಎನ್ನುವುದರಲ್ಲಿ ತಪ್ಪೇನಿಲ್ಲ. ನನ್ನ ವಾದ ಬೇರೆ. ಡಿಜಿಟಲ್ ದಾಖಲೆಯ ದೊಡ್ಡ ಲಾಭ ಕಾಗದ ಉಳಿಸುವುದರಲ್ಲಿಲ್ಲ. ಒಂದೇ ವ್ಯವಹಾರಕ್ಕೆ ಮೂರು ಬಗೆಯ ಪ್ರತಿಗಳಿರುವ ಪರಿಸ್ಥಿತಿಯನ್ನು ಕೊನೆಗಾಣಿಸುವುದರಲ್ಲಿದೆ. ಸರಕು ಕೊಟ್ಟವರ ಕೈಯಲ್ಲೂ ಪಡೆದವರ ಕೈಯಲ್ಲೂ ಒಂದೇ ದಾಖಲೆ, ಒಂದೇ ತಾರೀಖು, ಒಂದೇ ಅಂಕಿ ಇದ್ದಾಗ ಹೆಚ್ಚು ಗಳಿಸುವವರು ಸಣ್ಣವರು. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಲೆಕ್ಕದ ವಿಭಾಗವಿದೆ, ಕಾಯುವ ತಾಕತ್ತಿದೆ. ಸಣ್ಣ ಕಾರ್ಖಾನೆಗೆ ಇರುವುದು ದಾಖಲೆ ಒಂದೇ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇ-ಇನ್‌ವಾಯ್ಸ್ ಒಳ್ಳೆಯ ಉದಾಹರಣೆ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಸಂಸ್ಥೆಗಳಿಗೆ ಕಡ್ಡಾಯವಾದ ಈ ಪದ್ಧತಿ ಹಂತಹಂತವಾಗಿ ಕೆಳಗಿಳಿದು 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದವರಿಗೆಲ್ಲ ಅನ್ವಯವಾಗುತ್ತಿದೆ. ಒಂದು ವ್ಯಾಪಾರಿ ಸಂಸ್ಥೆ ಇನ್ನೊಂದಕ್ಕೆ ಬರೆಯುವ ಬಿಲ್ಲು ಸರ್ಕಾರ ಮಾನ್ಯ ಮಾಡಿದ ನೋಂದಣಿ ಪೋರ್ಟಲ್ಲಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ 64 ಅಕ್ಷರ-ಅಂಕಿಗಳ ಒಂದು ಗುರುತುಸಂಖ್ಯೆ ಸಿಗುತ್ತದೆ. ಮಾರಿದವರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ಲಿನ ಸಂಖ್ಯೆ ಇವಿಷ್ಟರಿಂದ ಲೆಕ್ಕ ಹಾಕಿ ಬರುವ ಸಂಖ್ಯೆ ಅದು. ಹಾಗಾಗಿ ಅದೇ ಬಿಲ್ಲನ್ನು ಎರಡನೇ ಸಲ ನೋಂದಾಯಿಸಲು ಬರುವುದಿಲ್ಲ. ಪೋರ್ಟಲ್ ತನ್ನ ಡಿಜಿಟಲ್ ಸಹಿ ಹಾಕಿ ಒಂದು ಕ್ಯೂಆರ್ ಕೋಡ್ ಕೊಡುತ್ತದೆ. ಮಾರಿದವರು ಯಾರು, ಕೊಂಡವರು ಯಾರು, ಬಿಲ್ಲಿನ ತಾರೀಖು, ಮೊತ್ತ, ಎಷ್ಟು ಬಗೆಯ ಸರಕು, ಮುಖ್ಯ ಸರಕಿನ ಎಚ್‌ಎಸ್‌ಎನ್ ಸಂಖ್ಯೆ ಎಲ್ಲವೂ ಆ ಸಣ್ಣ ಚೌಕದೊಳಗೆ ಇರುತ್ತವೆ. ತಪ್ಪಾಗಿದ್ದರೆ ಅಲ್ಲಿ ರದ್ದು ಮಾಡಲು 24 ಗಂಟೆ ಗಡುವು. ಅದು ಮೀರಿದರೆ ಕ್ರೆಡಿಟ್ ನೋಟ್ ಬರೆದೋ ರಿಟರ್ನಿನಲ್ಲಿ ತಿದ್ದುಪಡಿ ತೋರಿಸಿಯೋ ಸರಿಪಡಿಸಬೇಕು, ಅಂದರೆ ತಿದ್ದಿದ್ದೂ ದಾಖಲೆಯಾಗಿ ಉಳಿಯುತ್ತದೆ. ಕಾರ್ಬನ್ ಹಾಳೆಯ ಮೇಲೆ ಆಮೇಲೆ ಒಂದು ಸೊನ್ನೆ ಸೇರಿಸಬಹುದಿತ್ತು. ಇಲ್ಲಿ ಅದಕ್ಕೆ ದಾರಿ ಇಲ್ಲ. 5 ಕೋಟಿಗಿಂತ ಕೆಳಗಿನವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಿಲ್ಲದಿದ್ದರೂ ಅವರು ಜಿಎಸ್‌ಟಿಆರ್-1 ಎಂಬ ಮಾರಾಟದ ರಿಟರ್ನಿನಲ್ಲಿ ಏರಿಸುವ ಬಿಲ್ಲುಗಳು ಕೊಂಡವರ ಪರದೆಯ ಮೇಲೆ ಹಾಗೇ ಕಾಣಿಸಿಕೊಳ್ಳುತ್ತವೆ.

ಸರಕಿನ ಜೊತೆ ಡಿಜಿಟಲ್ ದಾಖಲೆಯೂ ಪ್ರಯಾಣ ಮಾಡಬೇಕೆಂಬ ವಿಚಾರದಲ್ಲಿ ಕರ್ನಾಟಕಕ್ಕೆ ಹಳೆಯ ಅನುಭವವಿದೆ. ವ್ಯಾಟ್ ಕಾಲದಲ್ಲೇ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಇ-ಸುಗಮ್ ಎಂಬ ವ್ಯವಸ್ಥೆ ತಂದಿತ್ತು. ಲಾರಿ ಹೊರಡುವ ಮೊದಲೇ ಸರಕಿನ ವಿವರವನ್ನು ಜಾಲತಾಣದಲ್ಲಿ ದಾಖಲಿಸಿ ಒಂದು ಸಂಖ್ಯೆ ಪಡೆಯಬೇಕಿತ್ತು. ದೇಶಕ್ಕೆಲ್ಲ ಇ-ವೇ ಬಿಲ್ ಬಂದಾಗ, ಅಂದರೆ 2018ರ ಏಪ್ರಿಲ್ 1ರಂದು, ರಾಜ್ಯದ ಒಳಗಿನ ಸಾಗಣೆಗೂ ಅದನ್ನು ಅಂದೇ ಜಾರಿಗೆ ತಂದ ರಾಜ್ಯ ಕರ್ನಾಟಕ. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಸರಕು ಹೊರಟರೆ ಯಾವ ಗಾಡಿಯಲ್ಲಿ, ಯಾವಾಗ, ಎಲ್ಲಿಂದ ಎಲ್ಲಿಗೆ ಎಂಬುದು ಈಗ ದಾಖಲಾಗುತ್ತದೆ. ವ್ಯಾಪಾರಿಗಳಲ್ಲಿ ಬಹಳ ಮಂದಿ ಇದನ್ನು ತೆರಿಗೆಯವರ ಕಣ್ಗಾವಲು ಎಂದು ಮಾತ್ರ ನೋಡುತ್ತಾರೆ. ಆದರೆ ಇಂಥ ದಿನ, ಇಂಥ ಗಾಡಿಯಲ್ಲಿ ಸರಕು ಕಳಿಸಿದ್ದೇನೆ ಎಂಬುದಕ್ಕೆ ಮೂರನೆಯವರ ಕಡೆಯಿಂದ ಸಿಗುವ ಸಾಕ್ಷಿಯೂ ಇದೇ. ಅದರ ಬೆಲೆ ತಿಳಿಯುವುದು ಬಾಕಿ ವಸೂಲಿಗೆ ಹೊರಟಾಗ.

ಸಣ್ಣ ಉದ್ದಿಮೆಯ ಕೊರಳು ಹಿಂಡುವುದು ಬಾಕಿ. ಈ ರೋಗಕ್ಕೆ ಮದ್ದು ಕಾನೂನಿನಲ್ಲಿ ಸಾಕಷ್ಟಿದೆ. 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಸರಕು ಪಡೆದವರು, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಇಂಥ ಬಾಕಿ ತಕರಾರು ತೀರ್ಮಾನಿಸುವ ಸೌಲಭ್ಯ ಮಂಡಳಿಯ ಆದೇಶವನ್ನು ಪ್ರಶ್ನಿಸಬೇಕೆಂದರೆ ಕೊಂಡವರು ಮೊತ್ತದ ಶೇ 75ರಷ್ಟನ್ನು ಮೊದಲೇ ಠೇವಣಿ ಇಡಬೇಕು. ಈಚೆಗೆ ಆದಾಯ ತೆರಿಗೆಯ ಕಡೆಯಿಂದಲೂ ಬಿಗಿ ಬಂದಿದೆ: ಗಡುವು ಮೀರಿಸಿ ಉಳಿಸಿಕೊಂಡ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಲ್ಲದೆ ಖರ್ಚೆಂದು ತೋರಿಸುವಂತಿಲ್ಲ. ಇಷ್ಟು ಹಲ್ಲಿರುವ ಕಾನೂನು ಏಕೆ ಕಚ್ಚುವುದಿಲ್ಲ? ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳುವ ಹೆದರಿಕೆ ಒಂದು ಕಾರಣ. ಅದನ್ನು ಯಾವ ಸಾಫ್ಟ್‌ವೇರೂ ನೀಗಿಸದು. ಇನ್ನೊಂದು ಕಾರಣ ತಾರೀಖು. ಕಾಯ್ದೆ ದಿನ ಎಣಿಸಲು ಶುರು ಮಾಡುವುದು ಸರಕು ತಲುಪಿದ ದಿನದಿಂದ. ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಸರಕನ್ನು ಒಪ್ಪಿಕೊಂಡಂತೆ ಎಂದೂ ಅದು ಹೇಳುತ್ತದೆ. ಹಾಗಾದರೆ ತಲುಪಿದ್ದು ಯಾವ ದಿನ? ಗೇಟಿನ ಸೆಕ್ಯೂರಿಟಿಯವರು ಸೀಲು ಒತ್ತಿದ ಹಾಳೆಯನ್ನು ಡ್ರೈವರ್ ವಾಪಸು ತಂದುಕೊಟ್ಟನೇ? ಸೀಲಿನ ಕೆಳಗೆ ತಾರೀಖು ಬರೆದಿದೆಯೇ? ಮೂರು ಪಟ್ಟು ಬಡ್ಡಿಯ ಹಕ್ಕು ಕೊನೆಗೆ ಈ ಪುಟ್ಟ ಪ್ರಶ್ನೆಗಳ ಮೇಲೆ ನಿಂತಿರುತ್ತದೆ. ಪಿಓ, ಬಿಲ್ಲು, ಇ-ವೇ ಬಿಲ್, ಸ್ವೀಕೃತಿ ನಾಲ್ಕೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಡಿಜಿಟಲ್ ರೂಪದಲ್ಲಿ ಇದ್ದವರಿಗೆ ಸೌಲಭ್ಯ ಮಂಡಳಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಇಲ್ಲದವರು ಹಳೆಯ ಫೈಲು ಜಾಲಾಡಿ ಸುಸ್ತಾಗಿ, ಸಿಕ್ಕಷ್ಟಕ್ಕೆ ರಾಜಿಯಾಗುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ನಂಬಬಹುದಾದ ಬಿಲ್ಲು ತಾನೇ ಹಣವಾಗುತ್ತದೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಟ್ರೆಡ್ಸ್ ವೇದಿಕೆಗಳು 2017ರಿಂದ ಈ ಕೆಲಸ ಮಾಡುತ್ತಿವೆ. ಸಣ್ಣ ಉದ್ದಿಮೆ ತನ್ನ ಬಿಲ್ಲನ್ನು ಅಲ್ಲಿ ಏರಿಸುತ್ತದೆ, ಕೊಂಡ ಕಂಪನಿ 'ಹೌದು, ಈ ಹಣ ನಾನು ಕೊಡಬೇಕು' ಎಂದು ಒಪ್ಪಿಗೆ ಒತ್ತುತ್ತದೆ, ಬ್ಯಾಂಕುಗಳು ಆ ಬಿಲ್ಲಿನ ಮೇಲೆ ಪೈಪೋಟಿಯಿಂದ ಬಡ್ಡಿ ದರ ಕೂಗುತ್ತವೆ. ಕಡಿಮೆ ದರ ಕೂಗಿದ ಬ್ಯಾಂಕು ಬಡ್ಡಿ ಮುರಿದುಕೊಂಡು ಹಣ ಹಾಕುತ್ತದೆ. ಗಡುವಿನ ದಿನ ಕಂಪನಿ ಬ್ಯಾಂಕಿಗೆ ಕೊಡುತ್ತದೆ. ಕಂಪನಿ ಕೊಡದೆ ಹೋದರೂ ಬ್ಯಾಂಕು ಸಣ್ಣ ಉದ್ದಿಮೆಯ ಬಾಗಿಲಿಗೆ ಬರುವಂತಿಲ್ಲ. ಮನೆಪತ್ರ ಅಡವಿಡಬೇಕಾಗಿಲ್ಲ. ಬಡ್ಡಿ ದರವೂ ಕೊಂಡ ಕಂಪನಿಯ ಯೋಗ್ಯತೆ ನೋಡಿ ನಿಗದಿಯಾಗುತ್ತದೆ. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಈ ವೇದಿಕೆ ಸೇರಬೇಕೆಂದು 2024ರ ನವೆಂಬರಿನಲ್ಲಿ ಅಧಿಸೂಚನೆ ಬಂದಿದೆ. ಮೊದಲು ಈ ಮಿತಿ 500 ಕೋಟಿ ಇತ್ತು. ಸೇರಿದ ಕಂಪನಿಗಳೆಲ್ಲ ಚುರುಕಾಗಿ ಒಪ್ಪಿಗೆ ಒತ್ತುತ್ತವೆ ಎಂದು ಹೇಳಲಾರೆ. ಆದರೂ ಬ್ಯಾಂಕಿನ ಮ್ಯಾನೇಜರ ಮುಂದೆ ಸ್ಟಾಕ್ ಸ್ಟೇಟ್‌ಮೆಂಟು ಹಿಡಿದು ಕೂರುವುದಕ್ಕೂ, ಒಂದೇ ಬಿಲ್ಲಿಗೆ ಹಲವು ಬ್ಯಾಂಕುಗಳು ದರ ಕೂಗುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅದಕ್ಕೆ ಬೇಕಾದ ಮೊದಲ ಅರ್ಹತೆ, ಯಾರು ಬೇಕಾದರೂ ಪರೀಕ್ಷಿಸಬಹುದಾದ ಬಿಲ್ಲು.

ಗಿರಾಕಿಗಳೂ ಈಗ ಇದನ್ನೇ ನೋಡುತ್ತಾರೆ. 2022ರ ಜನವರಿಯಿಂದ, ಮಾರಿದವರು ಬಿಲ್ಲನ್ನು ರಿಟರ್ನಿನಲ್ಲಿ ತೋರಿಸದ ಹೊರತು ಕೊಂಡವರಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದಿಲ್ಲ. ಆದ್ದರಿಂದ ಖರೀದಿ ವಿಭಾಗದವರು ತಿಂಗಳು ತಿಂಗಳು ಮಾರಿದವರು ತೋರಿಸಿದ ಬಿಲ್ಲುಗಳ ಜಿಎಸ್‌ಟಿಆರ್-2ಬಿ ಪಟ್ಟಿ ತೆರೆದು, ಅಲ್ಲಿ ಕಾಣದ ಬಿಲ್ಲಿನ ತೆರಿಗೆ ಭಾಗವನ್ನು ತಡೆಹಿಡಿಯುತ್ತಾರೆ. ಕೆಲಸ ಚೆನ್ನಾಗಿದ್ದೂ ಲೆಕ್ಕ ಹೊಲಸಾಗಿರುವ ವರ್ಕ್‌ಶಾಪಿಗೆ ಆರ್ಡರು ಕೈತಪ್ಪುವುದು ಈ ಕಾರಣಕ್ಕೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಕಾಗದವನ್ನು ಸ್ಕ್ಯಾನ್ ಮಾಡಿಟ್ಟರೆ ಅದು ಡಿಜಿಟಲ್ ದಾಖಲೆ ಆಗುವುದಿಲ್ಲ, ಕಾಗದದ ಫೋಟೊ ಆಗುತ್ತದೆ ಅಷ್ಟೇ. ಇಂದು ಬಹುಪಾಲು ಸಣ್ಣ ವ್ಯವಹಾರಗಳ 'ಡಿಜಿಟಲ್' ಎಂದರೆ ವಾಟ್ಸ್‌ಆ್ಯಪ್. ಡಿಸಿಯ ಫೋಟೊ ಒಂದು ಗ್ರೂಪಿನಲ್ಲಿ, ಪಿಓ ಇನ್ನೊಂದರಲ್ಲಿ, ರೇಟಿನ ಮಾತುಕತೆ ಧ್ವನಿ ಸಂದೇಶದಲ್ಲಿ, ಹಬ್ಬದ ಶುಭಾಶಯಗಳ ನಡುವೆ ಹೂತುಹೋಗಿರುತ್ತವೆ. ಫೋನು ಬದಲಾದ ದಿನ ಅರ್ಧ ಹೋಯಿತು. ಬಿಲ್ಲನ್ನು ಎಕ್ಸೆಲ್ಲಿನಲ್ಲಿ ತಯಾರಿಸಿ, ಹಳೆಯ ಬಿಲ್ಲಿನ ಮೇಲೆಯೇ ಹೊಸ ಅಂಕಿ ಟೈಪ್ ಮಾಡಿ ಪ್ರಿಂಟ್ ತೆಗೆಯುವ ಅಭ್ಯಾಸ ಇನ್ನೂ ಕೆಟ್ಟದ್ದು. ಅಲ್ಲಿ ಹಿಂದಿನ ಬಿಲ್ಲು ಅಳಿಸಿಯೇ ಹೋಗುತ್ತದೆ, ಕಾರ್ಬನ್ ಪ್ರತಿಯಾದರೂ ಉಳಿಯುತ್ತಿತ್ತು. ಇನ್ನು ಕೆಲವರು ಎರಡನ್ನೂ ನಡೆಸುತ್ತಾರೆ: ಕಂಪ್ಯೂಟರಿನಲ್ಲಿ ಒಂದು ಲೆಕ್ಕ, ಕೈಪುಸ್ತಕದಲ್ಲಿ ಒಂದು ಲೆಕ್ಕ. ವರ್ಷದ ಕೊನೆಗೆ ಎರಡೂ ತಾಳೆಯಾಗದೆ ಆಡಿಟರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಈ ಜೋಡಿ ಲೆಕ್ಕದ ರೋಗಕ್ಕೆ ಕರ್ನಾಟಕದ ಕಂದಾಯ ಇಲಾಖೆಯೇ ಒಮ್ಮೆ ಗಟ್ಟಿ ಮದ್ದು ಕೊಟ್ಟಿತ್ತು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಅದು ಯಶಸ್ವಿಯಾದದ್ದು ಕಂಪ್ಯೂಟರು ತಂದಿಟ್ಟಿದ್ದರಿಂದ ಅಲ್ಲ. ತಾಲ್ಲೂಕಿನಲ್ಲಿ ವ್ಯವಸ್ಥೆ ಶುರುವಾದ ಮೇಲೆ ಕೈಬರಹದ ಪಹಣಿಗೆ ಬೆಲೆಯೇ ಇಲ್ಲ ಎಂದು ಸರ್ಕಾರ ಖಡಾಖಂಡಿತವಾಗಿ ಹೇಳಿದ್ದರಿಂದ. ಗ್ರಾಮ ಲೆಕ್ಕಿಗರ ಚೀಲದಲ್ಲಿದ್ದ ಪುಸ್ತಕದ ಅಧಿಕಾರ ಆ ದಿನಕ್ಕೆ ಮುಗಿಯಿತು. ಜೊತೆಗೆ ಇನ್ನೆರಡು ಸಣ್ಣ ಏರ್ಪಾಡುಗಳಿದ್ದವು. ಸಿಬ್ಬಂದಿ ತನ್ನ ಬೆರಳಚ್ಚು ಕೊಟ್ಟೇ ಒಳಹೋಗಬೇಕು, ಹಾಗಾಗಿ ಯಾರು ಏನು ತಿದ್ದಿದರು ಎಂಬುದು ಉಳಿಯುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಹಾಗಾಗಿ ಕೈ ಬೆಚ್ಚಗೆ ಮಾಡಿದವರ ಅರ್ಜಿ ಮುಂದೆ ಜಿಗಿಯುವಂತಿರಲಿಲ್ಲ. ಪಹಣಿಯ ತಕರಾರುಗಳೆಲ್ಲ ಅದರಿಂದ ತೀರಿದವು ಎಂದಲ್ಲ; ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳು ಕಂಪ್ಯೂಟರಿಗೂ ಬಂದವು. ಆದರೂ ಸಣ್ಣ ವ್ಯವಹಾರ ಇಲ್ಲಿಂದ ಕಲಿಯಬೇಕಾದ್ದು ಇದೆ. ಒಂದು ದಿನ ಗೊತ್ತುಮಾಡಿ, ಏಪ್ರಿಲ್ 1 ಎಂದೇ ಇಟ್ಟುಕೊಳ್ಳಿ, ಅಂದಿನಿಂದ ಕೈಬರಹದ ಡಿಸಿ ಇಲ್ಲದೆ ಕೆಲಸ ಮಾಡಬೇಕು. ಹಳೆಯ ಬೀರುಗಳನ್ನು ಸ್ಕ್ಯಾನ್ ಮಾಡುವುದರಿಂದ ಶುರು ಮಾಡಿದವರು ಅಲ್ಲೇ ಸುಸ್ತಾಗಿ ನಿಲ್ಲುತ್ತಾರೆ. ಹಳೆಯದು ಅದರ ಅವಧಿ ಮುಗಿಯುವ ತನಕ ಬೀರುವಿನಲ್ಲೇ ಇರಲಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟುಕೊಂಡರೆ ಸಾಕು.

ಡಿಜಿಟಲ್ ಎಂದ ಕೂಡಲೇ ವ್ಯಾಪಾರಿಗಳ ಮುಖ ಕಪ್ಪಿಡುವುದಕ್ಕೆ 2025ರ ಜುಲೈ ಒಂದು ಗಟ್ಟಿ ಕಾರಣ. ಯುಪಿಐ ಮೂಲಕ ಬಂದ ಹಣದ ಮಾಹಿತಿ ಆಧರಿಸಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಹೋದವು. ವಾರ್ಷಿಕ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ದಾಟಿಯೂ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಎಂಬುದು ವಾಣಿಜ್ಯ ತೆರಿಗೆ ಇಲಾಖೆಯ ವಾದ. ತರಕಾರಿ ಮಾರುವವರಿಗೂ ಲಕ್ಷಗಟ್ಟಲೆ ಬೇಡಿಕೆ ಬಂತು. ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್ ಹರಿದು 'ನಗದು ಮಾತ್ರ' ಎಂಬ ಬೋರ್ಡು ಬಿತ್ತು. ತೆರಿಗೆ ಇಲ್ಲದ ಸರಕು ಮಾರುವವರಿಂದ ತೆರಿಗೆ ಕೇಳುವುದಿಲ್ಲ ಎಂದು ಸರ್ಕಾರ ಸ್ಪಷ್ಟಪಡಿಸಬೇಕಾಯಿತು. ಇದನ್ನು ನೋಡಿದವರು, ಡಿಜಿಟಲ್ ಆದದ್ದೇ ತಪ್ಪಾಯಿತು, ಕಾಗದವೇ ಕಾಯುತ್ತದೆ ಎಂಬ ತೀರ್ಮಾನಕ್ಕೆ ಬಂದರೆ ಅವರ ಸಿಟ್ಟು ಅರ್ಥವಾಗುವಂಥದ್ದು. ಆದರೆ ನಡೆದದ್ದನ್ನು ಬಿಡಿಸಿ ನೋಡಬೇಕು. ಆ ಅಂಗಡಿಗಳಲ್ಲಿ ಡಿಜಿಟಲ್ ಆಗಿದ್ದದ್ದು ಹಣ ಮಾತ್ರ. ಏನು ಮಾರಿದರು ಎಂಬುದು ಎಲ್ಲೂ ದಾಖಲಾಗಿರಲಿಲ್ಲ. ಯುಪಿಐ ಲೆಕ್ಕ ಇಷ್ಟು ಹಣ ಬಂತು ಎಂದು ಹೇಳಬಲ್ಲದು. ಅದರಲ್ಲಿ ತೆರಿಗೆಯಿಲ್ಲದ ಹಾಲು ಎಷ್ಟು, ತೆರಿಗೆ ಇರುವ ಬಿಸ್ಕತ್ತು ಎಷ್ಟು, ಬಾಮೈದ ವಾಪಸು ಮಾಡಿದ ಕೈಸಾಲ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಇಲಾಖೆ ತನಗೆ ಅನುಕೂಲವಾದ ಲೆಕ್ಕವನ್ನೇ ಹಾಕಿತು. ದಿನದ ಮಾರಾಟವನ್ನು ಸರಕಿನ ಬಗೆಯ ಪ್ರಕಾರ ಫೋನಿನಲ್ಲೋ ಸಣ್ಣ ಬಿಲ್ಲಿಂಗ್ ಯಂತ್ರದಲ್ಲೋ ಬರೆದಿಟ್ಟಿದ್ದ ಅಂಗಡಿಯವರಿಗೆ ಆ ನೋಟಿಸಿಗೆ ಉತ್ತರ ಕೈಯಲ್ಲೇ ಇರುತ್ತಿತ್ತು. ಮಿತಿ ದಾಟುವುದು ಮೊದಲೇ ತಿಳಿದಿದ್ದರೆ ಶೇ 1ರ ರಾಜಿ ತೆರಿಗೆ ಪದ್ಧತಿಗೆ ಸೇರುವ ದಾರಿಯೂ ತೆರೆದಿರುತ್ತಿತ್ತು. ಇಲಾಖೆ ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ನಾಲ್ಕು ವರ್ಷದ ಲೆಕ್ಕ ಕೇಳಿದ್ದು ನ್ಯಾಯವಲ್ಲ. ಆ ಅನ್ಯಾಯದ ಎದುರು ನಿಲ್ಲಲು ಬೇಕಾದದ್ದು ಹೆಚ್ಚು ದಾಖಲೆ, ಕಡಿಮೆ ದಾಖಲೆ ಅಲ್ಲ.

ಕಂಪ್ಯೂಟರು ಕೆಟ್ಟರೆ ಎಲ್ಲವೂ ಹೋಯಿತಲ್ಲ ಎಂಬ ಅಂಜಿಕೆಯೂ ಸುಳ್ಳಲ್ಲ. ಕದ್ದ ಪ್ರತಿಯ ಲೆಕ್ಕದ ಸಾಫ್ಟ್‌ವೇರ್, ವರ್ಷಗಳಿಂದ ಅಪ್‌ಡೇಟ್ ಕಾಣದ ವಿಂಡೋಸ್, ಎಲ್ಲರಿಗೂ ಗೊತ್ತಿರುವ ಒಂದೇ ಪಾಸ್‌ವರ್ಡ್ ಇರುವ ಕಡೆ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ನುಗ್ಗುವುದು ಸುಲಭ. ಆದರೆ ಕಾಗದವೇನೂ ಅಮರವಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ, ಮಲಪ್ರಭೆ ರಾಮದುರ್ಗದೊಳಗೆ ನುಗ್ಗಿದಾಗ ಅಂಗಡಿಗಳಿಗೂ ನೀರು ಹೊಕ್ಕಿತು. ಹಾಗೆ ಒಮ್ಮೆ ನೆನೆದು ಮುದ್ದೆಯಾದ ಖಾತೆ ಪುಸ್ತಕವನ್ನು ಬಿಸಿಲಿಗೆ ಹಾಕಿದರೂ ಶಾಯಿ ಮರಳುವುದಿಲ್ಲ. ಪೆಟ್ರೋಲ್ ಬಂಕಿನ, ತೂಕದ ಸೇತುವೆಯ ಥರ್ಮಲ್ ಚೀಟಿಗಳಿಗೆ ನೆರೆಯೂ ಬೇಡ; ಮೇಜಿನ ಡ್ರಾಯರಿನಲ್ಲೇ ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುತ್ತವೆ. ಕಾಗದಕ್ಕೂ ಡಿಜಿಟಲ್ಲಿಗೂ ನಡುವಿನ ನಿಜವಾದ ವ್ಯತ್ಯಾಸ, ಎರಡನೆಯದಕ್ಕೆ ನಕಲು ಮಾಡಲು ಖರ್ಚಿಲ್ಲ ಮತ್ತು ನಕಲು ಮೂಲದಷ್ಟೇ ಸ್ಪಷ್ಟ. ದಿನದ ಲೆಕ್ಕ ಮುಗಿದ ಮೇಲೆ ಒಂದು ಪ್ರತಿ ಕ್ಲೌಡಿಗೆ, ವಾರಕ್ಕೊಮ್ಮೆ ಒಂದು ಪ್ರತಿ ಹಾರ್ಡ್‌ಡಿಸ್ಕಿಗೆ, ಆ ಹಾರ್ಡ್‌ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿ ಮನೆಯಲ್ಲಿಡುವುದು, ಮತ್ತು ಆರು ತಿಂಗಳಿಗೊಮ್ಮೆ ಆ ಪ್ರತಿ ನಿಜಕ್ಕೂ ತೆರೆದುಕೊಳ್ಳುತ್ತದೆಯೇ ಎಂದು ನೋಡುವುದು. ಕೊನೆಯದನ್ನು ಬಹಳಷ್ಟು ಮಂದಿ ಮಾಡುವುದಿಲ್ಲ. ಬ್ಯಾಕಪ್ ಇದೆ ಎಂದು ನಂಬಿ ಕೂತವರಿಗೆ ಅದು ಖಾಲಿ ಎಂದು ತಿಳಿಯುವುದು ಬೇಕಾದ ದಿನವೇ.

ಕೋರ್ಟಿನಲ್ಲಿ ಇದಕ್ಕೆಲ್ಲ ಬೆಲೆ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಎರಡು ದಶಕಗಳ ಹಿಂದೆಯೇ ಸಿಕ್ಕಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೂ ಸಹಿಗೂ ಮಾನ್ಯತೆ ಕೊಟ್ಟಿದೆ. ಉಳಿದ ಗೊಂದಲ ಸಾಬೀತು ಮಾಡುವ ಬಗೆಯದ್ದು. ಪ್ರಿಂಟ್ ತೆಗೆದ ದಾಖಲೆಯ ಜೊತೆ ಪ್ರಮಾಣಪತ್ರ ಬೇಕೇ ಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಆ ಪ್ರಮಾಣಪತ್ರದ ನಮೂನೆಯನ್ನೂ ಕೊಟ್ಟು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆ ನಮೂದಿಸಬೇಕೆಂದಿದೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ, ಹಾಗಾಗಿ ತಿದ್ದಿದ್ದು ಬಚ್ಚಿಡಲಾಗದು. ಕಂಪನಿಗಳಾಗಿ ನೋಂದಾಯಿಸಿಕೊಂಡವರ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಲೇಬೇಕು ಎಂಬ ನಿಯಮವೂ 2023ರ ಏಪ್ರಿಲ್‌ನಿಂದ ಇದೆ. ಮಾಲೀಕರೊಬ್ಬರದೇ ಸಂಸ್ಥೆಗಳಿಗೆ ಇದು ಕಡ್ಡಾಯವಲ್ಲ. ಆದರೂ ಆ ಸೌಲಭ್ಯವನ್ನು ಚಾಲೂ ಮಾಡಿಕೊಳ್ಳುವುದು ಒಳ್ಳೆಯದು. ಉಯಿಲು, ಮುಖ್ತ್ಯಾರನಾಮೆ, ಛಾಪಾ ಕಾಗದದ ಕರಾರುಗಳನ್ನು ಮಾತ್ರ ಕಾಗದದಲ್ಲೇ ಜೋಪಾನವಾಗಿಡಬೇಕು.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ, ಅದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಡಿಜಿಟಲ್ ಆದ ಎಷ್ಟೋ ಸಣ್ಣ ಉದ್ದಿಮೆಗಳ ದಾಖಲೆ ಮಾಲೀಕರ ಕೈಯಲ್ಲಿಲ್ಲ. ಜಿಎಸ್‌ಟಿ ಪೋರ್ಟಲ್ಲಿನ ಒಟಿಪಿ ಬರುವುದು ತೆರಿಗೆ ಸಲಹೆಗಾರರ ಮೊಬೈಲಿಗೆ. ಡಿಜಿಟಲ್ ಸಹಿಯ ಟೋಕನ್ ಇರುವುದು ಆಡಿಟರ ಡ್ರಾಯರಿನಲ್ಲಿ. ನೋಂದಣಿಗೆ ಕೊಟ್ಟ ಇಮೇಲು ಎಂದೋ ಕೆಲಸ ಬಿಟ್ಟ ಅಕೌಂಟೆಂಟರದ್ದು. ಲೆಕ್ಕದ ಫೈಲು ಯಾರದೋ ಲ್ಯಾಪ್‌ಟಾಪಿನಲ್ಲಿದೆ. ಮಾಲೀಕರಿಗೆ ಸಿಗುವುದು ತಿಂಗಳ ಕೊನೆಗೆ ಒಂದು ಪಿಡಿಎಫ್. ಮೂರನೇ ಪ್ರತಿಯಾದರೂ ಅವರ ಬೀರುವಿನಲ್ಲಿತ್ತು, ಈಗ ಅದೂ ಇಲ್ಲ. ಮಾಸಿಕ ಚಂದಾ ಕಟ್ಟಿ ಬಳಸುವ ಸೇವೆಗಳಲ್ಲೂ ಇದೇ ಅಪಾಯ. ಚಂದಾ ನಿಂತ ದಿನ ಹಳೆಯ ಬಿಲ್ಲು ತೆರೆಯಲು ಬಿಡುತ್ತಾರೋ ಇಲ್ಲವೋ ಎಂದು ಸೇರುವ ಮೊದಲೇ ಕೇಳಿದವರು ಕಡಿಮೆ. ಇದಕ್ಕೆ ಪರಿಹಾರ ಹಿಂದಕ್ಕೆ ಹೋಗುವುದಲ್ಲ, ಕೀಲಿಕೈ ತೆಗೆದುಕೊಳ್ಳುವುದು. ಮೊಬೈಲ್ ಸಂಖ್ಯೆ, ಇಮೇಲು ಎರಡೂ ಸಂಸ್ಥೆಯದೇ ಆಗಿರಬೇಕು. ಎಲ್ಲ ಲೆಕ್ಕವನ್ನೂ ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ಹೊರತೆಗೆಯಲು ಬರುತ್ತದೆಯೇ ಎಂದು ಖರೀದಿಗೆ ಮುಂಚೆಯೇ ಮಾಡಿ ನೋಡಬೇಕು. ಆಡಿಟರ ಮೇಲೆ ಅಪನಂಬಿಕೆಯಿಂದ ಈ ಮಾತು ಹೇಳುತ್ತಿಲ್ಲ. ಒಳ್ಳೆಯ ಆಡಿಟರೂ ಒಂದು ದಿನ ಕಾಯಿಲೆ ಬೀಳುತ್ತಾರೆ.

ಕನ್ನಡದಲ್ಲಿ ವ್ಯವಹರಿಸುವವರಿಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕರಾರು, ಕೊಟೇಶನ್, ಗಿರಾಕಿ ಪಟ್ಟಿಗಳು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಂತೆಯಾಗಿ ತೆರೆದುಕೊಳ್ಳುತ್ತವೆ. ಹುಡುಕಿದರೆ ಒಂದು ಹೆಸರೂ ಸಿಗುವುದಿಲ್ಲ. ಯುನಿಕೋಡ್ ಕನ್ನಡ ಈಗ ಪ್ರತಿ ಫೋನಿನಲ್ಲೂ ಇದೆ, ಹಳೆಯದನ್ನು ಪರಿವರ್ತಿಸುವ ತಂತ್ರಾಂಶಗಳೂ ಇವೆ. ಪಿಓ, ಬಿಲ್ಲು ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟಳೆ ಇಲ್ಲದ ಕಡೆ, ಸ್ಟೋರಿನ ಕೆಲಸಗಾರರು ತಾವೇ ಓದಿ ತಾವೇ ತುಂಬಬಲ್ಲ ಕನ್ನಡ ನಮೂನೆ ಇಟ್ಟರೆ ತಪ್ಪುಗಳು ಹುಟ್ಟುವಲ್ಲೇ ತಗ್ಗುತ್ತವೆ. ಹಳೆಯ ಗುಮಾಸ್ತರ ಕೆಲಸ ಹೋಗುತ್ತದೆ ಎಂಬ ಮಾತೂ ಇದರ ಜೊತೆ ಬರುತ್ತದೆ. ಬರೆಯುವ ಕೆಲಸ ಕಡಿಮೆಯಾಗುವುದು ನಿಜ. ಆದರೆ ಯಾವ ಪಾರ್ಟಿ ಯಾವಾಗ ಕೊಡುತ್ತಾರೆ, ಯಾರ ಬಿಲ್ಲಿನಲ್ಲಿ ರೇಟು ಎಲ್ಲಿ ತಪ್ಪುತ್ತದೆ ಎಂಬುದು ಇಪ್ಪತ್ತು ವರ್ಷ ಕಿರ್ದಿ ಬರೆದವರಿಗೆ ಗೊತ್ತಿರುವಷ್ಟು ಹೊಸಬರಿಗೆ ಗೊತ್ತಿರುವುದಿಲ್ಲ. ಅವರನ್ನು ಟೈಪಿಂಗಿಗೆ ಕೂರಿಸುವ ಬದಲು ತಾಳೆ ನೋಡುವ, ಬಾಕಿ ಬೆನ್ನು ಹತ್ತುವ ಕೆಲಸಕ್ಕೆ ಹಾಕುವ ಮಾಲೀಕರು ಬುದ್ಧಿವಂತರು.

ಇಷ್ಟೆಲ್ಲ ಆದ ಮೇಲೂ ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾಗಿದೆ. ಇ-ಇನ್‌ವಾಯ್ಸ್ ಬಿಲ್ಲು ಬರೆದದ್ದನ್ನು ಸಾಬೀತು ಮಾಡುತ್ತದೆ, ಇ-ವೇ ಬಿಲ್ ಗಾಡಿ ಹೊರಟದ್ದನ್ನು ಹೇಳುತ್ತದೆ. 72 ಗಂಟೆಯೊಳಗೆ ಬೇಡವೆನ್ನದಿದ್ದರೆ ಇ-ವೇ ಬಿಲ್ಲಿನ ವಿವರವನ್ನು ಕೊಂಡವರು ಒಪ್ಪಿದಂತೆ ಎಂದು ನಿಯಮ ಹೇಳುತ್ತದೆ. 2024ರ ಅಕ್ಟೋಬರಿನಲ್ಲಿ ಜಿಎಸ್‌ಟಿ ಪೋರ್ಟಲ್ಲಿಗೆ ಬಂದ ಇನ್‌ವಾಯ್ಸ್ ನಿರ್ವಹಣಾ ವ್ಯವಸ್ಥೆಯಲ್ಲಿ ಕೊಂಡವರು ಪ್ರತಿ ಬಿಲ್ಲನ್ನೂ ಒಪ್ಪಬಹುದು, ತಿರಸ್ಕರಿಸಬಹುದು, ಬಾಕಿ ಇಡಬಹುದು. ಸುಮ್ಮನಿದ್ದರೆ ಅದನ್ನೂ ಒಪ್ಪಿಗೆ ಎಂದೇ ಎಣಿಸಲಾಗುತ್ತದೆ. ಆದರೆ ಇವೆಲ್ಲ ತೆರಿಗೆಯ ಲೆಕ್ಕಕ್ಕಾಗಿ ಹುಟ್ಟಿದವು. 500 ನಗ ಇಂಥ ದಿನ ಗೇಟಿನೊಳಗೆ ಬಂತು, ತಪಾಸಣೆಯಲ್ಲಿ ಇಷ್ಟು ಪಾಸಾಯಿತು ಎಂಬ ಸ್ವೀಕೃತಿ ಇವುಗಳಲ್ಲಿ ಎಲ್ಲೂ ಇಲ್ಲ. ಆ ಮಾಹಿತಿ ಇಲ್ಲವೆಂದೇನೂ ಅಲ್ಲ. ದೊಡ್ಡ ಕಂಪನಿಯ ಸ್ಟೋರ್ಸಿನಲ್ಲಿ ಸರಕು ಇಳಿಸಿದ ಹೊತ್ತಿಗೇ ಜಿಆರ್‌ಎನ್ ಎಂಬ ಸ್ವೀಕೃತಿ ಚೀಟಿ ಕಂಪ್ಯೂಟರಿನಲ್ಲಿ ಹುಟ್ಟಿರುತ್ತದೆ. ಅವರ ಖರೀದಿ ವಿಭಾಗ, ಲೆಕ್ಕದ ವಿಭಾಗ ಎರಡೂ ಅದನ್ನು ನೋಡುತ್ತವೆ. ನೋಡಲಾಗದವರು ಸರಕು ಕೊಟ್ಟವರು ಮಾತ್ರ. ಅವರು ಫೋನು ಮಾಡಿ, ಸ್ಟೋರ್ಸಿನವರನ್ನು ಗೋಗರೆದು, ಜಿಆರ್‌ಎನ್ ಆಯಿತೇ ಎಂದು ಕೇಳುತ್ತಿರಬೇಕು. 45 ದಿನದ ಗಡುವನ್ನು ಮನಸಾರೆ ಜಾರಿ ಮಾಡುವ ಇಚ್ಛೆ ಸರ್ಕಾರಕ್ಕಿದ್ದರೆ, ಸಣ್ಣ ಉದ್ದಿಮೆಗಳಿಂದ ಸರಕು ಪಡೆಯುವ ದೊಡ್ಡ ಕಂಪನಿಗಳೂ ಸರ್ಕಾರಿ ಉದ್ಯಮಗಳೂ ಜಿಆರ್‌ಎನ್ ಆದ ಕ್ಷಣವೇ ಅದರ ಸಂಖ್ಯೆ, ತಾರೀಖು, ನಗಗಳ ಲೆಕ್ಕವನ್ನು ಕೊಟ್ಟವರ ಮೊಬೈಲಿಗೆ ಕಳಿಸುವುದನ್ನು ಕಡ್ಡಾಯ ಮಾಡಬೇಕು, ಅದು ತಾನಾಗಿಯೇ ಟ್ರೆಡ್ಸ್‌ಗೂ ಸೌಲಭ್ಯ ಮಂಡಳಿಗೂ ಸಾಕ್ಷಿಯಾಗಿ ಸಲ್ಲಬೇಕು. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಡ. ಪಾರ್ಸೆಲ್ ತಂದುಕೊಡುವ ಹುಡುಗರು ಇದನ್ನು ಪ್ರತಿ ಮನೆಯ ಬಾಗಿಲಲ್ಲಿ ಒಂದು ಒಟಿಪಿ ಕೇಳಿ ಈಗಾಗಲೇ ಮಾಡುತ್ತಿದ್ದಾರೆ. ಕಾಸಿಯಾದಂಥ ಸಣ್ಣ ಕೈಗಾರಿಕೆಗಳ ಸಂಘಗಳು ಸರ್ಕಾರದ ಮುಂದೆ ಮೊದಲು ಇಡಬೇಕಾದ ಬೇಡಿಕೆ ಇದು.